ಬೆಕ್ಕಿನ ಸೂತಕ

ಕಲಬುರಗಿಯ ಕಟಿಂಗ್ ಅಂಗಡಿಯಲ್ಲಿ ಸೋಪಿನ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ಹುಬ್ಬಿಗೆ ಹೋಗುತ್ತದೆ.

ಕಮಲಾಪುರದಲ್ಲಿ ಅಜ್ಜಿಯ ಮುದಿ ಬೆಕ್ಕು ಸತ್ತು ಎರಡು ದಿನವಾಗಿತ್ತು. ಅಜ್ಜಿ ತುತ್ತು ಮುಟ್ಟಿರಲಿಲ್ಲ. ನಾನು ಕೂತಲ್ಲಿ ಕೂರಲಾಗದೆ ಒಳಗೂ ಹೊರಗೂ ಸುತ್ತಿದೆ. ಊರಿಗೇ ಜಾಣ ನಾನು. ಶಾಲೆಯಲ್ಲಿ ಕೇಳಿದ್ದೊಂದನ್ನು ಅವಳ ಮುಂದೆ ಬಿಟ್ಟೆ.

"ಆಯಿ, ಹಿಂದಕ ಈಜಿಪ್ಟಿನಾಗ ಬೆಕ್ಕು ಸತ್ರ ಮನಿಮಂದಿಯೆಲ್ಲ ಹುಬ್ಬು ಬೋಳಿಸ್ತಿದ್ರಂತ. ನೀ ನೋಡಿದ್ರ ಬರೇ ಉಪಾಸ ಕುಂತಿದಿ!"

"ನೀನೇ ಬೋಳಿಸ್ಕೋ ನೋಡಮು, ಬಾಯಿಬಡುಕ!"

ಅಪ್ಪನ ಸೋಪು ಹಚ್ಚಿ, ರೇಜರ್ ಎಳೆದು, ಎರಡೂ ಹುಬ್ಬು ಇಳಿಸಿ ಅವಳೆದುರು ನಿಂತೆ. ಇಡೀ ತಾಲೂಕಿನಲ್ಲಿ ಬೇರೆ ಯಾರಿಗಿತ್ತು ಆ ಧೈರ್ಯ?

ಅಜ್ಜಿ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ರೊಟ್ಟಿ ಮುರಿದು ಮೊದಲ ತುತ್ತನ್ನು ಎಂದಿನಂತೆ ಬೆಕ್ಕಿಗೆಂದು ನೆಲಕ್ಕಿಟ್ಟಳು. ಒಂದು ಗಳಿಗೆ ನೋಡಿ, ಅದನ್ನೆತ್ತಿ ನನ್ನ ಬಾಯಿಗೆ ತುರುಕಿದಳು. ಎರಡನೆಯದನ್ನು ತಾನು ತಿಂದಳು.