ಸುಣ್ಣ ಕಾಣದ ರೂಮು

ನಿನ್ನೆ ಇದ್ದ ಚೀಟಿ ಇವತ್ತು ಇರಲಿಲ್ಲ.

ಯಮುನಾ ಪೊರಕೆಯನ್ನು ಗೋಡೆಗೆ ಒರಗಿಸಿ, ಮಂಡಿಯೂರಿ ಮತ್ತೊಮ್ಮೆ ನೋಡಿದಳು. ಕಿಟಕಿಯ ಕೆಳಗೆ, ನೆಲದಿಂದ ಎರಡು ಮೊಳ ಎತ್ತರದಲ್ಲಿ ಒಣಗಿದ ಅಂಟಿನ ಕಲೆ ಮಾತ್ರ ಉಳಿದಿತ್ತು. ಖಾಲಿ ರೂಮು. ಬಿದ್ದಿದ್ದರೆ ಕಾಣಬೇಕಿತ್ತು. 'ಗ್ಯಾರುಲಸ್: ಬಾಯಿಗೆ ಬಿಡುವೇ ಕೊಡದ ವಾಚಾಳಿ.' ಅವಳಿಗೆ ಅದು ಆಗಲೇ ಬಾಯಿಪಾಠವಾಗಿತ್ತು. ಚೀಟಿ ಹೋಯಿತೆಂದು ಅವಳು ಹೆದರಲಿಲ್ಲ. ಹೆದರಿದ್ದು ಬೀಗದ ಕೈ ನೆನೆದು. ಗುಡಿಸಿ ಕೆಳಗಿಳಿದ ಮೇಲೆ ಅದು ಇರುವುದು ಅತ್ತೆ ಅಣ್ಣಮ್ಮನ ಸೊಂಟದಲ್ಲಿ.

ಬೈಯಪ್ಪನಹಳ್ಳಿಯ ಆ ಮನೆಯ ಮಹಡಿ ರೂಮಿನಲ್ಲಿ ಎರಡು ವರ್ಷ ಬಾಡಿಗೆಗಿದ್ದ ಪ್ರೇಮ್‌ಕುಮಾರ್, ಎಂಬಿಎ ಪ್ರವೇಶ ಪರೀಕ್ಷೆಗೆ ಓದುತ್ತ ನಾಲ್ಕೂ ಗೋಡೆಗೆ ಚೀಟಿ ಅಂಟಿಸಿದ್ದ. ಕನ್ನಡ ಮೀಡಿಯಮ್ಮಿನ ಹುಡುಗ. ಮೇಲೆ ಇಂಗ್ಲಿಷ್ ಪದ, ಅದರಡಿ ಕನ್ನಡ ಅಕ್ಷರದಲ್ಲಿ ಉಚ್ಚಾರ, ಅದರಡಿ ಅರ್ಥ. ಸೀಟು ಸಿಕ್ಕಿ ಮೈಸೂರಿಗೆ ಹೊರಟಾಗ ಪದಗಳನ್ನೆಲ್ಲ ಗೋಡೆಗೇ ಬಿಟ್ಟು ಹೋದ.

"ಚೀಟಿಯೆಲ್ಲ ಕೆರೆದು ಗುಡಿಸಮ್ಮ. ಭಾನುವಾರ ಸುಣ್ಣ ಹೊಡೆಯೋಕೆ ಮುನಿಆಂಜನಪ್ಪ ಬರ್ತಾನೆ" ಎಂದು ಅಣ್ಣಮ್ಮ ಬೀಗದ ಕೈ ಕೊಟ್ಟಿದ್ದಳು. ಯಮುನಾ ಮೊದಲ ಚೀಟಿ ಕೆರೆದಳು. ಎರಡನೆಯದನ್ನು ಓದಿದಳು. ಅಲ್ಲಿಗೆ ಕೆರೆಯುವುದು ನಿಂತಿತು.

ಗೆಳತಿಯ ಮನೆ ವಿಳಾಸ ಕೊಟ್ಟು ಅವಳು ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಅರ್ಜಿ ಹಾಕಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ರೂಮುಗಳ ಬಾಡಿಗೆ ಬರುತ್ತೆ, ನೀನ್ಯಾಕೆ ದುಡೀಬೇಕು?" ಎಂದು ಗಂಡ ಎಂದೋ ಕೇಳಿ ಮುಗಿಸಿದ್ದ. ಅಣ್ಣಮ್ಮ ವೀಳ್ಯದೆಲೆಗೆ ಸುಣ್ಣ ಸವರುತ್ತ ಹೂಂಗುಟ್ಟಿದ್ದಳು. ಹಿಂದಿನ ಸಲ ಯಮುನಾಳನ್ನು ಕೆಡವಿದ್ದು ಇಂಗ್ಲಿಷ್ ಪದಗಳೇ. ವಯಸ್ಸಿನ ಮಿತಿಯೊಳಗೆ ಇದೇ ಕೊನೆಯ ಅವಕಾಶ. ನೋಟ್‌ಬುಕ್ಕಿಗೆ ಇಳಿಸಿಕೊಂಡರೆ ಬಚ್ಚಿಡುವುದೆಲ್ಲಿ? ಅಣ್ಣಮ್ಮನ ಕೈಯಾಡದ ಡಬ್ಬಿ ಆ ಮನೆಯಲ್ಲಿರಲಿಲ್ಲ. ಹಾಗಾಗಿ ಗೋಡೆಯೇ ಪುಸ್ತಕವಾಯಿತು. ದಿನಕ್ಕೆ ಇಪ್ಪತ್ತು ಪದ. ಪರೀಕ್ಷೆಗಿನ್ನು ಹನ್ನೆರಡು ದಿನ.

"ಅಂಟು ಗಟ್ಟಿಯಾಗಿದೆ ಅತ್ತೆ, ನೆನೆಸಿ ಕೆರೀಬೇಕು" ಎಂದು ಅವಳು ಸಬೂಬು ಹೇಳಿದರೆ, "ನಿಧಾನಕ್ಕೇ ಮಾಡು, ಗೋಡೆ ಕಿತ್ಕೊಂಡು ಬಂದಾತು" ಎಂದಳು ಅಣ್ಣಮ್ಮ.

ಅದೃಷ್ಟವೂ ಜೊತೆಗಿತ್ತು. ಎರಡು ಭಾನುವಾರ ಕಳೆದರೂ ಮುನಿಆಂಜನಪ್ಪನ ಸುಳಿವಿಲ್ಲ. "ಅವನಿಗೆ ಜ್ವರ ಕಣೇ" ಎಂದಳು ಅಣ್ಣಮ್ಮ. ಮಾರನೆಯ ದಿನ ಯಮುನಾ ನೋಡಿದರೆ, ಆಸಾಮಿ ಟೀ ಅಂಗಡಿಯ ಮುಂದೆ ಬನ್ನು ಅದ್ದಿಕೊಂಡು ನಗುತ್ತ ಕೂತಿದ್ದ. 'ಪ್ರೊಕ್ರಾಸ್ಟಿನೇಟ್: ನಾಳೆ ನಾಳೆ ಎಂದು ಮುಂದೂಡು.' ಅವನಿಗೆ ಮನಸ್ಸಿನಲ್ಲೇ ಕೈಮುಗಿದಳು.

ಬ್ರೋಕರ್ ಖಾದರ್ ಕರೆತಂದ ಇಬ್ಬರನ್ನು ಅವಳೇ ಸಾಗಹಾಕಿದ್ದಳು. ಒಬ್ಬನಿಗೆ, ಮಹಡಿಗೆ ನೀರೇ ಹತ್ತುವುದಿಲ್ಲ ಎಂದಳು. ಇನ್ನೊಬ್ಬನಿಗೆ, ಗೂಡ್ಸ್ ಗಾಡಿ ಹೋದರೆ ಮಂಚ ಅಲ್ಲಾಡುತ್ತದೆ ಎಂದಳು. ಯಾಕೆ ಹೋದರೆಂದು ಅಣ್ಣಮ್ಮ ಕೇಳಲೂ ಇಲ್ಲ.

ಮುದುಕಿಗೆ ಬೇರೆ ಯೋಚನೆಗಳಿದ್ದವು. ಮಂಡಿನೋವೆಂದು ನರಳುತ್ತಲೇ ಮಧ್ಯಾಹ್ನ ಮಹಡಿ ಹತ್ತಿ, ಒಣಹಾಕಿದ ಮೆಣಸಿನಕಾಯಿಗೆ ಕಾಗೆ ಕಾಯುತ್ತಿದ್ದಳು. ಯಮುನಾ ಮಗಳನ್ನು ಸ್ಕೂಲಿನಿಂದ ಕರೆತರುವ ಹೊತ್ತದು. ಸಂಜೆ ಜಗುಲಿಯಲ್ಲಿ ಕೂತರೆ ಮುದುಕಿಯ ತುಟಿ ಪಿಟಿಪಿಟಿ ಎನ್ನುತ್ತಿತ್ತು. ವಯಸ್ಸಾದಂತೆ ದೇವರ ಧ್ಯಾನ ಹೆಚ್ಚಾಯಿತು ಎಂದುಕೊಂಡಳು ಯಮುನಾ. ಕೆಳಗಿನ ಸಾಲಿನ ಚೀಟಿಗಳ ಮೇಲೆ ಅಲ್ಲಲ್ಲಿ ಸುಣ್ಣ ಮೆತ್ತಿದ್ದನ್ನೂ ಕಂಡಿದ್ದಳು. ಹಳೆಯ ಗೋಡೆ, ಉದುರುತ್ತದೆ.

ಆದರೆ ಈಗ ಒಂದು ಚೀಟಿಯೇ ಇಲ್ಲ. ಅತ್ತೆಗೆ ವಿಷಯ ತಿಳಿದಿದೆ. ಇನ್ನು ಚೀಟಿ ಗಂಡನ ಕೈಗೆ ಹೋಗುವುದೊಂದೇ ಬಾಕಿ.

ಊಟಕ್ಕೆ ಬಡಿಸುತ್ತ ಯಮುನಾ ಚೀಟಿಯ ಮಾತಿಗೇ ಕಾದಳು. ಅಣ್ಣಮ್ಮ ಮುದ್ದೆ ಮುರಿಯುತ್ತ ಬೇರೇನೋ ಗೊಣಗಿದಳು. "ಈ ಬಾಡಿಗೆ ಹುಡುಗ್ರು ನಮ್ಮ ಮುಂದೇನೇ ಇಂಗ್ಲಿಷಲ್ಲಿ ಏನೋ ಅಂದ್ಕೊಂಡು ನಗ್ತಾರೆ. ನಾನೂ ಪೆದ್ದಿ ಥರ ಜೊತೇಲಿ ನಗ್ತೀನಿ."

"ಬಿಡಿ ಅತ್ತೆ" ಎಂದಳು ಯಮುನಾ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಅಣ್ಣಮ್ಮ. ಬಸ್ಸಿನ ಕನ್ನಡ ಬೋರ್ಡನ್ನು ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಬಸ್ಸೇ ಹೊರಟುಹೋಗುತ್ತಿತ್ತು.

ನಾಲ್ಕು ಗಂಟೆಗೆ ಖಾದರ್ ಮೂರನೆಯವನನ್ನು ಕರೆತಂದ. ಸಿ.ವಿ. ರಾಮನ್ ನಗರದಲ್ಲಿ ಕೆಲಸ. ಗೇಟು ದಾಟುವ ಮೊದಲೇ ಅವನ ಮಾತು ಶುರುವಾಗಿತ್ತು. ಈ ಸಲ ಅಣ್ಣಮ್ಮ ತಾನೇ ಅಂಗಳಕ್ಕಿಳಿದು ನಿಂತಳು.

"ನೀರು ಹತ್ತಲ್ವಾ? ಪರವಾಗಿಲ್ಲ ಅಕ್ಕ, ಬಿಂದಿಗೇಲಿ ಹೊತ್ಕೋತೀನಿ. ರೈಲಾ? ನಮ್ಮಪ್ಪ ರೈಲ್ವೇಲಿದ್ರು, ರೈಲು ಸದ್ದಿಲ್ದಿದ್ರೆ ನಂಗೆ ನಿದ್ದೇನೇ ಬರಲ್ಲ! ಅಜ್ಜೀ, ನಮ್ಮಜ್ಜೀನೂ ನಿಮ್ ಥರಾನೇ ಎಲೆ ಹಾಕ್ತಿದ್ರು, ಅವ್ರೊಂದ್ಸಲ ಏನಾಯ್ತು ಅಂದ್ರೆ..."

"ಅಮ್ಮಾ, ಇಂಥಾ ಪಾರ್ಟಿ ಮತ್ತೆ ಸಿಗಲ್ಲ" ಎಂದು ಖಾದರ್ ನಡುವೆ ನುಗ್ಗಿದ. "ಸುಣ್ಣಾನೂ ಬೇಡ ಅಂತಾರೆ. ಚೀಟಿಗೀಟಿ ಎಲ್ಲ ಅವ್ರೇ ಕಿತ್ಕೋತಾರಂತೆ. ಇವತ್ತೇ ಸಾಮಾನು ತರ್ತಾರೆ."

ಯಮುನಾಳ ಬಳಿ ನೆಪಗಳು ತೀರಿದ್ದವು. ಅಣ್ಣಮ್ಮನ ಕೈ ಸೊಂಟದ ಬೀಗದ ಕೈಯತ್ತ ಹೋಯಿತು. ಹನ್ನೆರಡು ದಿನ, ಇನ್ನೂರ ನಲವತ್ತು ಪದ, ಎಲ್ಲ ಮುಗಿಯಿತು.

ಅಣ್ಣಮ್ಮ ಕೀಲಿಯನ್ನು ಇನ್ನಷ್ಟು ಒಳಕ್ಕೆ ಸಿಕ್ಕಿಸಿಕೊಂಡಳು.

"ಹುಡುಗ ಒಳ್ಳೇವ್ನೇ ಕಣಪ್ಪ ಖಾದರ್" ಎಂದಳು, ಎಲೆಯನ್ನು ದವಡೆಯ ಮೂಲೆಗೆ ಒತ್ತರಿಸಿ. "ಆದ್ರೆ ಬೇಡ. ತುಂಬಾ ಗ್ಯಾರುಲಸ್ಸು."

ಯಮುನಾ ಕೇಳಿಸದವಳಂತೆ ಒಳಗೆ ಹೋದಳು. ನಾಳೆ ಮೇಲಿನ ಸಾಲಿನ ಚೀಟಿಗಳನ್ನು ಬಿಡಿಸಿ, ನೆಲದ ಮೇಲೆ ಕೂತವರ ಕಣ್ಣಿಗೆ ಸಿಗುವಂತೆ ಕೆಳಗೆ ಅಂಟಿಸಬೇಕು ಎಂದು ನಿಶ್ಚಯಿಸಿದಳು.