ಒಲುಚಿ ತಿನ್ನದ ಬಸವನಹುಳು

ಒಲುಚಿ ತನ್ನ ತಟ್ಟೆಯಲ್ಲಿದ್ದ ಹುರಿದ ಬಸವನಹುಳುಗಳನ್ನು ಬೆರಳ ತುದಿಯಿಂದ ಅಂಚಿಗೆ ತಳ್ಳಿ, ಬರಿಯ ಗೆಣಸಿನ ಮುದ್ದೆ ಮುರಿದು ಸಾರಿಗೆ ಅದ್ದಿಕೊಂಡಳು. ತಳ್ಳಿದ್ದು ಮೆಲ್ಲಗೇ. ಆದರೂ ಊಟಕ್ಕೆ ಕೂತವರ ಕೈಗಳೆಲ್ಲ ನಿಂತವು.

“ಯಾಕೆ ನನ್ನ ಹೆಂಡ್ತಿ, ಖಾರ ಆಯ್ತಾ?” ಎಂದರು ಅತ್ತೆ. ಮುದ್ದು ಬಂದಾಗ ನೈಜೀರಿಯಾದ ನಮ್ಮ ಇಗ್ಬೋ ಜನರಲ್ಲಿ ಅತ್ತೆಯರು ಸೊಸೆಯನ್ನು ಕರೆಯುವುದೇ ಹಾಗೆ. ಏಳು ವರ್ಷದ ಹಿಂದೆ ಹಿರಿಯ ಸೊಸೆಯಾಗಿ ಬಂದ ಎಬೆರೆಯೂ ಒಂದು ಕಾಲಕ್ಕೆ ‘ನನ್ನ ಹೆಂಡ್ತಿ’ಯೇ ಆಗಿದ್ದಳು. ಈಗ ಬರೀ ಎಬೆರೆ.

“ಖಾರ ಅಲ್ಲ ಅತ್ತೆ. ಬೇಡ, ಅಷ್ಟೆ.”

“ಇವಳಿಗೆ ಬೇಡ್ವಂತೆ!” ಒಲುಚಿಯ ಗಂಡ ಒಬಿಯೋರಾ ನಕ್ಕ. “ಕ್ರಿಸ್‌ಮಸ್‌ನಲ್ಲಿ ನನ್ನ ತಟ್ಟೆಗೂ ಕೈ ಹಾಕಿ ಕಿತ್ಕೊಂಡು ತಿಂದವಳು ಇವಳೇ.”

“ನೀನು ಸುಮ್ನಿರೋ ಪೆದ್ದ. ಒಲುಚಿ, ಇಲ್ಲಿ ನೋಡು. ಇವತ್ತು ಮಾತ್ರ ಬೇಡವೋ, ಇನ್ನೂ ಏಳೆಂಟು ತಿಂಗಳು ಬೇಡವೋ?”

ಒಲುಚಿ ತಲೆ ತಗ್ಗಿಸಿದಳು. ಅತ್ತೆ ಎದ್ದೇಬಿಟ್ಟರು, ಸೊಂಟದ ಬಟ್ಟೆ ಬಿಗಿದುಕೊಂಡು ನಿಂತಲ್ಲೇ ಒಂದು ಸುತ್ತು ಕುಣಿದರು. ಬಸುರಿ ಬಸವನಹುಳು ತಿಂದರೆ ಹುಟ್ಟುವ ಮಗು ಜೊಲ್ಲು ಸುರಿಸುತ್ತಲೇ ಬೆಳೆಯುತ್ತದೆ ಎಂಬುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮದುವೆಯಾದವಳು ಹುಳುವನ್ನು ಬದಿಗೆ ಸರಿಸಿದಳೆಂದರೆ ಮುಗಿಯಿತು, ಬೇರೆ ಸುದ್ದಿ ಹೇಳಬೇಕಾಗಿಲ್ಲ.

ಎಬೆರೆ ಬಾಯಲ್ಲಿದ್ದುದನ್ನು ಅಗಿಯುತ್ತಲೇ ಇದ್ದಳು. ಓನಿಚಾ ಪೇಟೆಯಿಂದ ತಂದ ಅಂಗೈಯಗಲದ ಹುಳುಗಳವು. ಬೆಳಗಿನಿಂದ ಒಂದೊಂದರ ಚಿಪ್ಪನ್ನೂ ಒಡೆದು, ಪಟಿಕ ಹಾಕಿ, ನಿಂಬೆಹುಳಿ ಹಿಂಡಿ, ಲೋಳೆ ಬಿಡುವ ತನಕ ಐದು ನೀರಿನಲ್ಲಿ ತಿಕ್ಕಿ, ತಾಳೆಎಣ್ಣೆಯಲ್ಲಿ ಹುರಿದವಳು ಅವಳು. ‘ಎಬೆರೆ ಮುಟ್ಟಿದರೆ ಲೋಳೆ ಉಳಿಯಲ್ಲ’ ಎನ್ನುತ್ತಿದ್ದರು. ಆ ಮನೆಯಲ್ಲಿ ಅವಳಿಗಿದ್ದ ಹೊಗಳಿಕೆ ಅದೊಂದೇ. ಆದರೆ ಬಡಿಸಿ ಕೂತ ಮೇಲೆ ಪ್ರತಿ ಸಲವೂ ಎಲ್ಲರ ಕಣ್ಣು ಅವಳ ತಟ್ಟೆಯ ಮೇಲೆ. ತಿನ್ನುತ್ತಾಳೋ, ಬಿಡುತ್ತಾಳೋ? ಏಳು ವರ್ಷ ಅವಳು ತಿಂದಿದ್ದಳು. ಒಂದೊಂದು ತುತ್ತೂ ‘ಇಲ್ಲ, ಈ ಸಲವೂ ಇಲ್ಲ’ ಎಂದು ಕೂಗಿ ಹೇಳಿದ ಹಾಗೆ.

ಅತ್ತೆ ಒಲುಚಿಯ ತಟ್ಟೆಯ ಹುಳುಗಳನ್ನೆಲ್ಲ ಎತ್ತಿ ಎಬೆರೆಯ ತಟ್ಟೆಗೆ ಹಾಕಿದರು. “ತಗೋ, ನೀನು ತಿನ್ನು. ನಿನಗೇನೂ ಅಡ್ಡಿಯಿಲ್ವಲ್ಲ.” ಅವರು ಚುಚ್ಚಬೇಕೆಂದು ಹೇಳಿರಲಿಲ್ಲ. ಚುಚ್ಚಬೇಕೆಂದೇ ಹೇಳಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು. ಎಬೆರೆಯ ಗಂಡ ಸಾರಿನ ಬಟ್ಟಲಿನೊಳಗೆ ಏನನ್ನೋ ಹುಡುಕುತ್ತಿದ್ದ.

ಊಟವಾಗಿ ಗಂಡಸರು ಅಂಗಳದ ಮರದಡಿಗೆ ಹೋದರು. ಅತ್ತೆ ಸುದ್ದಿ ಹಂಚಲು ನೆರೆಮನೆಗೆ. ಎಬೆರೆ ಅಡುಗೆಮನೆಯಲ್ಲಿ ಬಾಣಲೆಯ ಮುಚ್ಚಳ ತೆಗೆದಳು. ಇನ್ನೂ ನಾಲ್ಕೈದು ಉಳಿದಿದ್ದವು. ಹಿಂದೆ ಯಾರೋ ಬಾಗಿಲು ಒರಗಿಸಿದ ಸದ್ದಾಯಿತು.

“ಅಕ್ಕಾ, ಒಂದೇ ಒಂದು ಕೊಡು. ಬೆಳಗಿನಿಂದ ಆ ವಾಸನೆಗೇ ಸತ್ತುಹೋಗಿದ್ದೀನಿ.” ಒಲುಚಿ.

“ಹುಚ್ಚೇನೇ ನಿಂಗೆ? ಅತ್ತೆ ಬಂದ್ರೆ?”

“ಅತ್ತೆ ಇಷ್ಟೊತ್ತಿಗೆ ಮೂರು ಮನೆ ದಾಟಿರ್ತಾರೆ. ನೀನೂ ಹೇಳ್ಬೇಡ, ನಾನೂ ಹೇಳಲ್ಲ.”

“ಮಗು ಜೊಲ್ಲು ಸುರಿಸಿದ್ರೆ?”

“ಸುರಿಸ್ಲಿ ಬಿಡಕ್ಕ, ಒರೆಸಿದ್ರಾಯ್ತು. ಮುಂದಿನದಕ್ಕೆ ಪಥ್ಯ ಮಾಡ್ತೀನಿ.”

ಮುಂದಿನದಕ್ಕೆ! ಈ ಮನೆ ಹೊಕ್ಕು ಎಂಟು ತಿಂಗಳಾಗಿಲ್ಲ, ಆಗಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದಾಳೆ. ನಾನಾಗಿದ್ದರೆ? ಬಸವನಹುಳು ಹಾಳಾಗಲಿ, ಉಪ್ಪನ್ನೇ ಬಿಡುತ್ತಿದ್ದೆ, ನೀರನ್ನೂ ಅಳೆದು ಕುಡಿಯುತ್ತಿದ್ದೆ. ಎಬೆರೆಯ ಎದೆಯೊಳಗೆ ಯಾರೋ ಒಲೆಗೆ ಊದಿದಂತಾಯಿತು. ಕೊಡು, ಎಂದಿತು ಒಳಗಿನ ದನಿ. ಕೇಳಿದ್ದು ಅವಳೇ ತಾನೇ? ದೊಡ್ಡದನ್ನೇ ಕೊಡು. ಹುಟ್ಟಲಿ ಆ ಮಗು, ಅಂಗಿಯ ಎದೆ ತೊಯ್ಸಿಕೊಂಡೇ ಬೆಳೆಯಲಿ, ಭಾನುವಾರ ಚರ್ಚಿನಲ್ಲಿ ಎಲ್ಲರೂ ನೋಡಲಿ.

ಅವಳು ಬಾಣಲೆಯಿಂದ ಎಲ್ಲಕ್ಕಿಂತ ದೊಡ್ಡ ಹುಳುವನ್ನು ಎತ್ತಿದಳು. ಕೆಂಪೆಣ್ಣೆ ಬೆರಳ ಸಂದಿಯಿಂದ ಮಣಿಕಟ್ಟಿಗೆ ಇಳಿಯಿತು. ಒಲುಚಿ ಕಣ್ಣು ಮುಚ್ಚಿ, ಗುಟುಕಿಗೆ ಕಾದ ಹಕ್ಕಿಮರಿಯ ಹಾಗೆ ಬಾಯಿ ತೆರೆದಳು. ಎಷ್ಟು ನಂಬಿಕೆಯ ಬಾಯಿ! ಅದರಿಂದ ಒಂದು ಗೇಣು ಈಚೆಗೆ ಎಬೆರೆಯ ಕೈ ನಿಂತಿತು. ತುಂಬ ಹೊತ್ತು ನಿಂತಿತು.

ಆಮೇಲೆ ಆ ಕೈ ತಿರುಗಿ ಅವಳ ಬಾಯಿಗೇ ಬಂತು.

ಒಲುಚಿ ಕಣ್ಣು ಬಿಟ್ಟಳು. “ಅಕ್ಕಾ! ಇದೇನು ಅನ್ಯಾಯ!”

ಎಬೆರೆ ಅವಸರ ಮಾಡಲಿಲ್ಲ. ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿಕೊಂಡು ಅಗಿದಳು.

“ಹೇಗಿದೆ?” ಎಂದಳು ಒಲುಚಿ, ಎಂಜಲು ನುಂಗುತ್ತ. ಅವಳ ಕಣ್ಣು ಎಬೆರೆಯ ಬಾಯಿ ಬಿಟ್ಟು ಕದಲಲಿಲ್ಲ. ಆ ನೋಟ ಎಬೆರೆಗೆ ಚೆನ್ನಾಗಿ ಗೊತ್ತಿತ್ತು. ಏಳು ವರ್ಷದಿಂದ ಊರ ಬಸುರಿಯರನ್ನು ಅವಳು ನೋಡುತ್ತಿದ್ದುದು ಹಾಗೆಯೇ.

ಇವತ್ತು ಅದೇ ಹೊಟ್ಟೆಯುರಿ ತನ್ನ ಕಡೆಗೆ ತಿರುಗಿತ್ತು.

“ಚೆನ್ನಾಗಿ ಬೆಂದಿದೆ,” ಎಂದು ಎಬೆರೆ ಮತ್ತೊಂದಕ್ಕೆ ಕೈ ಹಾಕಿದಳು.