ಹಗ್ಗದಾಚೆ ಕೂತ ಅಮ್ಮ

ನೋವಿನ ಸ್ಪ್ರೇ ವಾಸನೆ ಬಂದರೆ ಈಗಲೂ ಶಿಕಾರಿಪುರದ ಆ ಮಧ್ಯಾಹ್ನ ಎದುರು ಬಂದು ನಿಲ್ಲುತ್ತದೆ. ರಾಜ್ಯದ ಮಹಿಳಾ ಕಬಡ್ಡಿ ತಂಡವನ್ನು ತಿದ್ದಿದವಳು ನನ್ನಮ್ಮ. ಗದ್ದಲದಲ್ಲಿ ಮಾತು ಕೇಳುವುದಿಲ್ಲವೆಂದು ಕೈಸನ್ನೆಯಲ್ಲೇ ಆಡಿಸುತ್ತಿದ್ದಳು. ಫೈನಲ್ ದಿನ ಪಟ್ಟಿಯಲ್ಲಿ ಕೋಚ್ ಎಂದು ಬೇರೊಬ್ಬರ ಹೆಸರಿತ್ತು.

"ಬೆಂಚಿಗೆ ಸರ್ ಕೂರ್ತಾರೆ. ನೀವು ಹುಡ್ಗೇರ ಬ್ಯಾಗ್ ನೋಡ್ಕಳ್ರಿ ಮೇಡಂ," ಎಂದರು ಕಬಡ್ಡಿ ಸಂಘದವರು.

ಸ್ಪ್ರೇ ನಾರುವ ಬ್ಯಾಗುಗಳ ನಡುವೆ, ಅಂಕಣದ ಸುತ್ತ ಕಟ್ಟಿದ ಹಗ್ಗದಾಚೆ, ಅಮ್ಮ ಮತ್ತು ನಾನು ಕೂತೆವು.

ಎರಡು ಅಂಕ ಹಿಂದಿದ್ದಾಗ ಟೈಮ್‌ಔಟ್ ಆಯಿತು. ಸರ್ ಏನೋ ಹೇಳುತ್ತಿದ್ದರು. ಏಳೂ ಹುಡುಗಿಯರು ರೂಢಿಯಂತೆ ಅಮ್ಮನ ಕಡೆ ತಿರುಗಿದರು. ಹೊರಗಿನವರು ಸನ್ನೆ ಮಾಡಿದರೆ ಎದುರಾಳಿಗೆ ಅಂಕ ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

"ಕೈ ತೋರ್ಸಮ್ಮ," ಎಂದೆ.

ಅಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಬ್ಯಾಗುಗಳನ್ನೇ ನೋಡುತ್ತಿದ್ದಳು.